ಪರ್ಷಿಯನ್ ಮರಿ ತಗೊಳ್ಳೋಕೆ ಹೊರಟಿದೀವಿ, 45 ದಿನದ್ದು ಅಂತಾರೆ, ತಗೋಬಹುದಾ?

ವಿಜಯನಗರ_ಅಮ್ಮ
ಎಲ್ಲರಿಗೂ ನಮಸ್ಕಾರ, ಇಲ್ಲಿ ಇದೇ ಮೊದಲ ಸಲ ಬರೀತಿರೋದು. ನಾವಿರೋದು ವಿಜಯನಗರದಲ್ಲಿ, ಮೂರನೇ ಮಹಡಿ. ಮನೇಲಿ ನಾನು, ನಮ್ಮನೆಯವ್ರು, ಏಳನೇ ಕ್ಲಾಸ್ ಓದೋ ಮಗಳು, ಅತ್ತೆ. ಮಗಳಿಗೆ ಪರ್ಷಿಯನ್ ಬೆಕ್ಕು ಬೇಕು ಅಂತ ಎರಡು ವರ್ಷದ ಆಸೆ, ಈ ಸಲ ಹುಟ್ಟಿದಹಬ್ಬಕ್ಕೆ ಕೊಡ್ಸೋಣ ಅಂತ ಒಪ್ಕೊಂಡಿದೀವಿ. ಒಬ್ರು ಫೋನಿಗೆ ಫೋಟೋ ಕಳ್ಸಿದಾರೆ, ಬೆಳ್ಳಗೆ ಹತ್ತಿ ಉಂಡೆ ಥರ ಇದೆ, ಎರಡೂ ಕಣ್ಣು ನೀಲಿ. 45 ದಿನದ ಮರಿ, ಪಂಚ್ ಫೇಸ್ ಅಂದ್ರೆ ಚಪ್ಪಟೆ ಮುಖ, ಟ್ರಿಪಲ್ ಕೋಟ್ ಅಂದ್ರೆ ಮೂರು ಪದರ ಕೂದ್ಲು, ಲಿಟರ್ ಟ್ರೇನಿಂಗ್ (ಟ್ರೇಲೇ ಕಕ್ಕ ಮಾಡೋ ಅಭ್ಯಾಸ) ಆಗಿದೆ, 22,000 ಅಂತಾರೆ, ಕೆಸಿಐ ಪೇಪರ್ ಬೇಕಂದ್ರೆ ಇನ್ನೂ 5,000 ಸೇರ್ಸಿ ಅಂತಾರೆ. ಇವತ್ತೇ 3,000 ಅಡ್ವಾನ್ಸ್ ಹಾಕ್ಬೇಕಂತೆ, ಬೇರೆಯವ್ರು ಕಾಯ್ತಿದಾರಂತೆ, ಮರಿನ ಮೆಟ್ರೋ ಸ್ಟೇಷನ್ ಹತ್ರ ತಂದು ಕೊಡ್ತಾರಂತೆ. ನಮ್ದು ಸಸ್ಯಾಹಾರಿ ಮನೆ ಬೇರೆ. ಬೆಕ್ಕು ಸಾಕಿ ಅಭ್ಯಾಸ ಇರೋರು ದಯವಿಟ್ಟು ಏನೇನು ನೋಡ್ಬೇಕು ಹೇಳಿ.

ಕೆಂಗೇರಿ_ಕಿಟ್ಟಿ
ಅಕ್ಕ, ಮೊದ್ಲು ಆ ಅಡ್ವಾನ್ಸ್ ಹಾಕ್ಬೇಡಿ. ಕೆಸಿಐ ಅಂದ್ರೆ ಕೆನಲ್ ಕ್ಲಬ್ ಆಫ್ ಇಂಡಿಯಾ, ಅದು ನಾಯಿಗಳ ತಳಿ ನೋಂದಣಿ ಮಾಡೋ ರಿಜಿಸ್ಟ್ರಿ, ಬೆಕ್ಕಿಗೆ ಅಲ್ಲಿ ಪೇಪರ್ ಆಗೋದೇ ಇಲ್ಲ. ಬೆಕ್ಕಿಗೆ ಇರೋವು ಸಿಎಫ್ಎ, ಟಿಕಾ, ಡಬ್ಲ್ಯೂಸಿಎಫ್ ಥರದ ರಿಜಿಸ್ಟ್ರಿಗಳು. ಬೆಕ್ಕಿಗೆ ಕೆಸಿಐ ಪೇಪರ್ ಕೊಡ್ತೀನಿ ಅನ್ನೋನು ಒಂದೋ ಏನೂ ತಿಳೀದೇ ಮಾರ್ತಿದಾನೆ, ಇಲ್ಲಾ ಎಲ್ಲಾ ತಿಳ್ಕೊಂಡೇ ಸುಳ್ಳು ಹೇಳ್ತಿದಾನೆ, ಎರಡರಲ್ಲಿ ಯಾವ್ದಾದ್ರೂ ನಿಮಗೆ ಬೇಡ. ಟ್ರಿಪಲ್ ಕೋಟ್ ಅನ್ನೋದೂ ಅಷ್ಟೇ, ಮಾರೋವ್ರ ಬಾಯಲ್ಲಿ ಮಾತ್ರ ಇರೋ ಮಾತು, ಪರ್ಷಿಯನ್‌ಗೆ ಮೇಲೊಂದು ಉದ್ದ ಕೂದ್ಲು ಒಳಗೊಂದು ಮೆತ್ತನೆ ಕೂದ್ಲು, ಅಷ್ಟೇ ಇರೋದು.

ನೀವು ಕೇಳ್ಬೇಕಾದ್ದು ಒಂದೇ ಮಾತು: ತಾಯಿನ ತೋರ್ಸಿ. ಮರಿ ಹುಟ್ಟಿದ ಮನೇಲಿ, ತಾಯಿ ಪಕ್ಕದಲ್ಲೇ ನೋಡ್ಬೇಕು. ಮೆಟ್ರೋ ಸ್ಟೇಷನ್ ಹತ್ರ ತಂದು ಕೊಡ್ತೀವಿ ಅಂದ್ರೆ ಮನೆ ತೋರ್ಸೋಕೆ ಆಗದೇ ಇರೋ ಕಾರಣ ಏನೋ ಇದೆ ಅಂತ.

ಹೆಬ್ಬಾಳ_ವೆಟ್_ಸ್ಟೂಡೆಂಟ್
ಮೇಡಂ, ನಾನು ಹೆಬ್ಬಾಳದ ವೆಟರ್ನರಿ ಕಾಲೇಜಲ್ಲಿ ಓದ್ತಿದೀನಿ. 45 ದಿನ ಅಂದ್ರೆ ಆರೂವರೆ ವಾರ. 2018ರ ಪೆಟ್ ಶಾಪ್ ರೂಲ್ಸ್ ಪ್ರಕಾರ 8 ವಾರಕ್ಕಿಂತ ಚಿಕ್ಕ ಮರಿನ ಅಂಗಡಿಯವ್ರು ಮಾರೋ ಹಾಗೇ ಇಲ್ಲ, ಅಂಗಡಿಗೆ ರಾಜ್ಯದ ಪ್ರಾಣಿ ಕಲ್ಯಾಣ ಮಂಡಳಿ ನೋಂದಣಿನೂ ಇರ್ಬೇಕು. ನನ್ನ ಕೇಳಿದ್ರೆ 8 ವಾರನೂ ಬೇಗನೇ, 12 ವಾರದ ತನಕ ತಾಯಿ ಜೊತೆ ಇರ್ಲಿ. ಕಚ್ಚಿದ್ರೆ ಎಷ್ಟು ನೋವಾಗುತ್ತೆ, ಉಗುರು ಯಾವಾಗ ಒಳಗೆ ಎಳ್ಕೋಬೇಕು, ಇದನ್ನೆಲ್ಲ ಅಮ್ಮ ಮತ್ತೆ ಒಡಹುಟ್ಟಿದ ಮರಿಗಳೇ ಕಲ್ಸೋದು.

ಕಣ್ಣು ನೀಲಿ ಅಂತ ಹೇಳಿದ್ರಲ್ಲ, ಅಷ್ಟು ಚಿಕ್ಕ ಮರಿಗಳ ಕಣ್ಣು ಎಲ್ಲಾ ನೀಲಿನೇ ಕಾಣೋದು. ಆರೇಳು ವಾರ ಆದ್ಮೇಲೇ ನಿಜವಾದ ಬಣ್ಣ ಬರೋಕೆ ಶುರುವಾಗೋದು. ಆಮೇಲೂ ನೀಲಿನೇ ಉಳಿದ್ರೆ ಇನ್ನೊಂದು ವಿಷ್ಯ ನೋಡ್ಬೇಕು, ಪೂರ್ತಿ ಬಿಳಿ ಮೈ ಎರಡೂ ಕಣ್ಣು ನೀಲಿ ಇರೋ ಬೆಕ್ಕುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಕಿವುಡು. ಬೆನ್ನ ಹಿಂದೆ ನಿಂತು ಕೀ ಗೊಂಚಲು ಅಲ್ಲಾಡ್ಸಿ, ಕಿವಿ ತಿರುಗುತ್ತಾ ನೋಡಿ. ಕಿವುಡು ಬೆಕ್ಕು ಚೆನ್ನಾಗೇ ಬದುಕುತ್ತೆ, ಆದ್ರೆ ಮನೆಯೊಳಗೇ ಇರ್ಬೇಕು, ಅದು ನಿಮಗೆ ಮೊದ್ಲೇ ಗೊತ್ತಿರ್ಬೇಕು.

ವ್ಯಾಕ್ಸಿನ್ ಬಗ್ಗೆ. ತಾಯಿ ಹಾಲಿಂದ ಬಂದ ರೋಗನಿರೋಧಕ ಶಕ್ತಿ ಮರಿ ಮೈಲಿ ಕೆಲವು ವಾರ ಇರುತ್ತೆ, ಅದು ಇರೋ ತನಕ ನಾವು ಹಾಕೋ ಲಸಿಕೆನ ಅದೇ ತಡೆದುಬಿಡುತ್ತೆ. ಯಾವ ಮರೀಲಿ ಅದು ಯಾವಾಗ ಇಳಿಯುತ್ತೆ ಅಂತ ಹೇಳೋಕಾಗಲ್ಲ, ಅದಕ್ಕೇ 6ರಿಂದ 8 ವಾರಕ್ಕೆ ಶುರು ಮಾಡಿ 3-4 ವಾರಕ್ಕೊಮ್ಮೆ 16 ವಾರದ ತನಕ ಹಾಕೋದು. ಒಂದು ಇಂಜೆಕ್ಷನ್ ಆಗಿದೆ, ಎಲ್ಲಾ ಮುಗೀತು ಅನ್ನೋ ಮಾತು ನಂಬ್ಬೇಡಿ. ರೇಬಿಸ್ 12 ವಾರ ಆದ್ಮೇಲೆ. ಲಸಿಕೆ ಪುಸ್ತಕದಲ್ಲಿ ಬಾಟಲಿ ಸ್ಟಿಕ್ಕರ್, ತಾರೀಕು, ಡಾಕ್ಟರ್ ಸೀಲು ಮೂರೂ ಇರ್ಬೇಕು.

ಶಾಂತಿನಗರದವನು
ಮೇಡಂ, ನಮ್ಮ ಕಥೆ ಹೇಳ್ತೀನಿ, ನಿಮಗೆ ಹಾಗಾಗೋದು ಬೇಡ ಅಂತ. ಮೂರು ವರ್ಷದ ಹಿಂದೆ ಒಂದು ಅಂಗಡಿಯಿಂದ ಬೂದು ಬಣ್ಣದ ಪರ್ಷಿಯನ್ ಮರಿ ತಂದ್ವಿ. ಎರಡು ತಿಂಗಳು ಅಂದಿದ್ರು. ಪಂಜರದಲ್ಲಿ ಏಳೆಂಟು ಮರಿ ಒಟ್ಟಿಗೆ ಇದ್ವು, ಇದೊಂದೇ ಸುಮ್ನೆ ಮೂಲೇಲಿ ಕೂತಿತ್ತು, ಎಷ್ಟು ಶಾಂತ ಅಂತ ನನ್ ಹೆಂಡ್ತಿ ಅದನ್ನೇ ಆರಿಸ್ಕೊಂಡ್ಳು. ಅದು ಶಾಂತ ಅಲ್ಲ, ಕಾಯಿಲೆ ಅಂತ ಆಮೇಲೆ ಗೊತ್ತಾಗಿದ್ದು.

ಮೂರನೇ ದಿನ ಊಟ ಬಿಡ್ತು. ರಾತ್ರಿ ಹಳದಿ ನೊರೆ ವಾಂತಿ. ನೀರಿನ ಬಟ್ಟಲ ಮುಂದೆ ಗಲ್ಲ ಊರ್ಕೊಂಡು ಕೂರೋದು, ನೀರನ್ನೇ ನೋಡೋದು, ಕುಡಿಯಲ್ಲ. ಆ ದೃಶ್ಯ ನನಗೆ ಇವತ್ತಿಗೂ ಕಣ್ಣಿಗೆ ಕಟ್ಟಿದ ಹಾಗಿದೆ. ಬೆಳಿಗ್ಗೆ ಡಾಕ್ಟರ್ ಹತ್ರ ಓಡಿದ್ವಿ, ಟೆಸ್ಟ್ ಕಿಟ್ ಹಾಕಿ ನೋಡಿ ಪ್ಯಾನ್‌ಲ್ಯೂಕೋಪೀನಿಯಾ ಅನ್ನೋ ವೈರಸ್ ಕಾಯಿಲೆ ಅಂದ್ರು, ರಕ್ತದಲ್ಲಿ ಬಿಳಿ ಕಣ ಹೆಚ್ಚುಕಮ್ಮಿ ಖಾಲಿ. ಎರಡು ದಿನ ಡ್ರಿಪ್ ಹಾಕಿದ್ರು, ಉಳೀಲಿಲ್ಲ. ತೂಕ ಹಾಕಿದಾಗ 520 ಗ್ರಾಮ್ ಇತ್ತು. ಎರಡು ತಿಂಗಳ ಮರಿ 800 ಗ್ರಾಮ್ ಹತ್ರ ಹತ್ರ ಇರ್ಬೇಕು, ಇದು ಐದು ವಾರದ್ದೂ ಇರಬಹುದು ಅಂದ್ರು ಡಾಕ್ಟರ್. ಆ ಉದ್ದ ಕೂದ್ಲೊಳಗೆ ಮೈ ಎಷ್ಟಿದೆ ಅಂತ ಕೈ ಹಾಕಿ ನೋಡೋ ಬುದ್ಧಿ ನಮಗೆ ಬರ್ಲಿಲ್ಲ.

ಆದ್ದರಿಂದ ಮರಿ ನೋಡೋಕೆ ಹೋದಾಗ ಕೂದ್ಲು ನೋಡ್ಬೇಡಿ, ಕೂದ್ಲೊಳಗೆ ಬೆರಳು ಹಾಕಿ ಬೆನ್ನೆಲುಬು ಮುಟ್ಟಿ ನೋಡಿ. ಅಡುಗೆಮನೆ ತಕ್ಕಡಿ ತಗೊಂಡ್ಹೋಗಿ, ನಾಚ್ಕೋಬೇಡಿ. ಬಾಲ ಎತ್ತಿ ನೋಡಿ, ಅಲ್ಲಿ ಒದ್ದೆ ಗಲೀಜು ಇದ್ರೆ ಭೇದಿ ಇದೆ ಅಂತ. ಮತ್ತೆ ಯಾರ ಮನೇಲಾದ್ರೂ ಈ ಕಾಯಿಲೆಯಿಂದ ಮರಿ ಹೋಗಿದ್ರೆ ತಕ್ಷಣ ಇನ್ನೊಂದು ತರ್ಬೇಡಿ, ಆ ವೈರಸ್ ಮನೇಲಿ ಒಂದು ವರ್ಷದ ತನಕ ಉಳಿಯುತ್ತೆ, ಸಾಮಾನ್ಯ ಫಿನಾಯಿಲ್‌ಗೆ ಸಾಯಲ್ಲ, ನೀರು ಬೆರೆಸಿದ ಬ್ಲೀಚ್‌ಗೆ ಸಾಯುತ್ತೆ.

ವಿಜಯನಗರ_ಅಮ್ಮ
ಸರ್, ಓದಿ ತುಂಬಾ ಸಂಕಟ ಆಯ್ತು. ಅಡ್ವಾನ್ಸ್ ಹಾಕಿಲ್ಲ. ತಾಯಿ ತೋರ್ಸಿ ಅಂತ ಕೇಳ್ದೆ, ತಾಯಿ ಊರಲ್ಲಿದೆ ಅಂದ್ರು, ವೀಡಿಯೋ ಕಾಲ್ ಮಾಡಿ ಅಂದೆ, ಆಮೇಲೆ ಉತ್ತರನೇ ಇಲ್ಲ.

ಇನ್ನೊಂದು ವಿಷ್ಯ ಕೇಳ್ಬೇಕು. ನಮ್ಮತ್ತೆ ಹೇಳ್ತಾರೆ, ಹಾಸನದ ಹತ್ರ ಅವ್ರ ತವರಲ್ಲಿ ಬೆಕ್ಕು ಇತ್ತಂತೆ, ಹಾಲನ್ನ ಮೊಸರನ್ನ ತಿನ್ಕೊಂಡೇ ಹನ್ನೆರಡು ವರ್ಷ ಬದುಕ್ತಂತೆ. ಇಲ್ಲೂ ಹಾಗೇ ಸಾಕೋಣ, ಮಾಂಸ ಗೀಂಸ ಮನೆಯೊಳಗೆ ಬೇಡ ಅಂತಾರೆ. ಆಗುತ್ತಾ?

ಮಲ್ಲೇಶ್ವರಂ_8ನೇ_ಕ್ರಾಸ್
ವಿಜಯನಗರದ ತಾಯಿ, ನಿಮ್ಮತ್ತೆಯವ್ರು ಹೇಳಿದ್ದು ಸುಳ್ಳಲ್ಲ, ಆದ್ರೆ ಆ ಬೆಕ್ಕು ಸಾಯಂಕಾಲ ಅಟ್ಟದ ಮೇಲೆ, ಕೊಟ್ಟಿಗೇಲಿ, ಹುಲ್ಲಿನ ಬಣವೆ ಸಂದೀಲಿ ಏನು ಮಾಡ್ತಿತ್ತು ಅಂತ ಕೇಳಿ. ಇಲಿ ಹಿಡೀತಿತ್ತು, ಹಲ್ಲಿ ಹಿಡೀತಿತ್ತು. ಅದರ ನಿಜವಾದ ಊಟ ಅದು, ಮೊಸರನ್ನ ಮೇಲಿಂದ. ಮೂರನೇ ಮಹಡಿ ಬಾಗಿಲು ಹಾಕಿದ ಮನೇಲಿ ಪರ್ಷಿಯನ್‌ಗೆ ಇಲಿ ಎಲ್ಲಿಂದ ಬರ್ಬೇಕು? ಬೆಕ್ಕಿಗೆ ಟಾರಿನ್ ಅನ್ನೋ ಪೋಷಕಾಂಶ ಬೇಕೇ ಬೇಕು, ಅದು ಮಾಂಸದಲ್ಲೇ ಇರೋದು, ಅದಿಲ್ದಿದ್ರೆ ಕಣ್ಣು ಹೋಗುತ್ತೆ, ಹೃದಯ ಹಿಗ್ಗುತ್ತೆ. ಹೃದಯದ ವಿಷ್ಯ 1987ರಲ್ಲಿ ಅಮೆರಿಕದ ಡಾಕ್ಟರುಗಳು ಕಂಡುಹಿಡಿದಿದ್ದು, ಆಮೇಲೇ ಬೆಕ್ಕಿನ ಆಹಾರದ ಕಂಪನಿಗಳು ಟಾರಿನ್ ಜಾಸ್ತಿ ಮಾಡಿದ್ದು.

ನಮ್ಮದೂ ಸಸ್ಯಾಹಾರಿ ಮನೆ. ನಮ್ಮ ಬೆಕ್ಕು ಪುಟ್ಟಿಗೆ ಈಗ 11 ವರ್ಷ. ಅಡುಗೆಮನೇಲಿ ಏನೂ ಬೇಯ್ಸಲ್ಲ, ಪ್ಯಾಕೆಟ್ ಊಟನೇ, ಒಣದು ಮತ್ತೆ ಪೌಚು. ಅದರ ತಟ್ಟೆ, ಚಮಚ, ತೊಳೆಯೋ ಬ್ರಷ್ಷು ಎಲ್ಲಾ ಯುಟಿಲಿಟೀಲಿ ಬೇರೆ ಶೆಲ್ಫಲ್ಲಿ. ನಮ್ಮ ಯಜಮಾನ್ರ ತಾಯಿ ಇದ್ದಾಗ ಅವ್ರೂ ಹೀಗೆ ಒಪ್ಕೊಂಡಿದ್ರು. ಇದಕ್ಕೆ ಮನೆಯವ್ರೆಲ್ಲ ಒಪ್ಪೋದಾದ್ರೆ ಮಾತ್ರ ಬೆಕ್ಕು ತನ್ನಿ. ಹಾಲು ಬೇಡ, ದೊಡ್ಡದಾಗ್ತಾ ಬಹಳ ಬೆಕ್ಕುಗಳಿಗೆ ಹಾಲು ಜೀರ್ಣ ಆಗಲ್ಲ, ಭೇದಿ ಆದ್ರೆ ಆ ಉದ್ದ ಕೂದ್ಲು ಯಾವ ಸ್ಥಿತಿಗೆ ಬರುತ್ತೆ ಅಂತ ನೀವೇ ಯೋಚ್ನೆ ಮಾಡಿ.

ಈಗ ಬಾಚೋದು. ಮರಿ ತರೋದು ಒಂದಿನದ ಕೆಲ್ಸ, ಬಾಚೋದು ಹನ್ನೆರಡು ಹದಿನೈದು ವರ್ಷದ ಕೆಲ್ಸ, ನಾನು ಹೇಳ್ಬೇಕು ಅಂತ ಬಂದಿದ್ದು ಇದನ್ನೇ. ದಿನಾ ಹತ್ತು ನಿಮಿಷ. ಮಧ್ಯಾಹ್ನ ಊಟ ಆದ್ಮೇಲೆ ಹಳೇ ಟವಲ್ ತೊಡೆ ಮೇಲೆ ಹಾಕ್ಕೊಂಡು ಪುಟ್ಟಿನ ಕೂರಿಸ್ಕೊತೀನಿ. ಹಲ್ಲು ಅಗಲ ಇರೋ ಸ್ಟೀಲ್ ಬಾಚಣಿಗೆ ಮೊದ್ಲು, ಆಮೇಲೆ ಸಣ್ಣ ಹಲ್ಲಿಂದು. ಬೆನ್ನು ಎಲ್ರೂ ಬಾಚ್ತಾರೆ, ಬೆನ್ನಲ್ಲಿ ಸಿಕ್ಕು ಆಗೋದೇ ಕಮ್ಮಿ. ಸಿಕ್ಕಾಗೋದು ಕಿವಿ ಹಿಂದೆ, ಕತ್ತಿನ ಕೆಳಗೆ, ಮುಂಗಾಲಿನ ಕಂಕುಳಲ್ಲಿ, ಹಿಂಗಾಲಿನ ಸಂದೀಲಿ. ಮೇಲ್ಮೇಲೆ ಬ್ರಷ್ ಎಳೆದ್ರೆ ನೋಡೋಕೆ ರೇಷ್ಮೆ ಥರ ಇರುತ್ತೆ, ಕೆಳಗೆ ಚರ್ಮದ ಹತ್ರ ಕಂಬಳಿ ಥರ ಗಟ್ಟಿಯಾಗ್ತಿರುತ್ತೆ. ಕೂದ್ಲನ್ನ ಬೆರಳಲ್ಲಿ ಬೈತಲೆ ತೆಗೆದ ಹಾಗೆ ಬಿಡಿಸಿ ಬುಡದಿಂದ ಬಾಚ್ಬೇಕು.

ಗಂಟು ಸಿಕ್ಕಿದ್ರೆ ಎರಡು ಬೆರಳಲ್ಲಿ ಬುಡ ಹಿಡ್ಕೊಳ್ಳಿ, ಚರ್ಮ ಎಳೀಬಾರ್ದು, ಚಿಟಿಕೆ ಕಾರ್ನ್‌ಫ್ಲೋರ್ ಉದುರ್ಸಿ, ತುದಿಯಿಂದ ಸ್ವಲ್ಪ ಸ್ವಲ್ಪ ಬಿಡಿಸ್ಕೊಂಡು ಬನ್ನಿ. ಕತ್ತರಿ ಮುಟ್ಬೇಡಿ. ಬೆಕ್ಕಿನ ಚರ್ಮ ಬಹಳ ತೆಳು, ಗಂಟಿನ ಜೊತೆ ಮೇಲೆದ್ದು ಬಂದಿರುತ್ತೆ, ಕೂದ್ಲು ಎಲ್ಲಿಗೆ ಮುಗೀತು ಚರ್ಮ ಎಲ್ಲಿಂದ ಶುರುವಾಯ್ತು ಗೊತ್ತಾಗಲ್ಲ. ಪುಟ್ಟಿಗೆ ಒಂದು ವರ್ಷ ಇದ್ದಾಗ ನಾನು ಕಂಕುಳ ಹತ್ರ ಕತ್ತರಿ ಇಟ್ಟು ಮೂರು ಹೊಲಿಗೆ ಹಾಕಿಸ್ಬೇಕಾಯ್ತು. ಅವತ್ತು ಅದು ನನ್ನ ಕೈಯನ್ನ ನೆಕ್ಕಿತು, ನಾನು ಅತ್ತುಬಿಟ್ಟೆ.

ಜೆಪಿನಗರ_2ನೇ_ಫೇಸ್
ಆಂಟಿ ಹೇಳಿದ್ದು ನೂರಕ್ಕೆ ನೂರು. ಒಂದು ಸೇರ್ಸ್ತೀನಿ, ಸ್ನಾನ ಮಾಡ್ಸೋಕೆ ಮುಂಚೆನೇ ಬಾಚ್ಬೇಕು, ಗಂಟಿಗೆ ನೀರು ಬಿದ್ರೆ ಇನ್ನೂ ಬಿಗಿಯಾಗುತ್ತೆ. ನಮ್ಮೂರ ಜೂನ್ ಜುಲೈ ಜಿಟಿಜಿಟಿ ಮಳೇಲಿ ಮೈ ಪೂರ್ತಿ ಒಣಗ್ಸದೇ ಬಿಟ್ರೆ ಚರ್ಮಕ್ಕೆ ಫಂಗಸ್ ಬರುತ್ತೆ. ನಮ್ಮ ಬೆಕ್ಕಿಗೆ ಬಂತು, ಹುಳುಕಡ್ಡಿ. ಕಿವಿ ಅಂಚಲ್ಲಿ ಕೂದ್ಲು ಉದುರಿ ದುಂಡಗೆ ಬೂದಿ ಬಣ್ಣದ ಮಚ್ಚೆ, ಹತ್ತೇ ದಿನದಲ್ಲಿ ನನ್ನ ಮಗನ ಕತ್ತಲ್ಲೂ ಕೆಂಪಗೆ ದುಂಡಗೆ. ಪರ್ಷಿಯನ್‌ಗಳಲ್ಲಿ ಇದು ಜಾಸ್ತಿ. ಮನೆಯವ್ರಿಗೂ ಬೆಕ್ಕಿಗೂ ಒಟ್ಟಿಗೇ ಔಷಧಿ ಮಾಡ್ಬೇಕು, ಉದುರಿದ ಕೂದ್ಲಲ್ಲಿ ಅದರ ಬೀಜ ತಿಂಗಳುಗಟ್ಲೆ ಬದುಕಿರುತ್ತೆ, ಹಾಸಿಗೆ ಸೋಫಾ ಎಲ್ಲಾ ದಿನಾ ವ್ಯಾಕ್ಯೂಮ್. ನಮಗೆ ಮೂರು ತಿಂಗಳು ಹಿಡೀತು. ಹೊಸ ಮರಿ ತಂದಾಗ ಎರಡು ವಾರ ಒಂದೇ ರೂಮಲ್ಲಿ ಇಟ್ಕೊಳ್ಳಿ, ಮಗು ಪಕ್ಕ ಮಲಗ್ಸೋಕೆ ಅವಸರ ಮಾಡ್ಬೇಡಿ.

ಕೆಂಗೇರಿ_ಕಿಟ್ಟಿ
ಬೇಸಿಗೇಲಿ ಕೂದ್ಲು ಪೂರ್ತಿ ಬೋಳಿಸ್ತಾರಲ್ಲ, ಲಯನ್ ಕಟ್ ಅಂತ, ಅದು ಮಾಡ್ಸಿದ್ರೆ ಈ ಬಾಚೋ ತೊಂದ್ರೆ ಇರಲ್ಲ ಅಲ್ವಾ ಆಂಟಿ? ನಾನು ಎರಡು ಸಲ ಮಾಡ್ಸಿದೀನಿ, ಬೆಕ್ಕು ಖುಷಿಯಾಗೇ ಇತ್ತು.

ಮಲ್ಲೇಶ್ವರಂ_8ನೇ_ಕ್ರಾಸ್
ಕಿಟ್ಟಿ, ಮೈಯೆಲ್ಲ ಗಂಟಾಗಿ ಬೇರೆ ದಾರಿನೇ ಇಲ್ಲ ಅಂದಾಗ ಮಾಡ್ಸಪ್ಪ, ನಾನು ಬೇಡ ಅನ್ನಲ್ಲ. ಬಾಚೋದು ತಪ್ಪುತ್ತೆ ಅಂತ ಮಾಡ್ಸೋದು ನನಗೆ ಸರಿ ಕಾಣಲ್ಲ. ಹೊಟ್ಟೆ ಕೆಳಗೆ ಮತ್ತೆ ಬಾಲದ ಬುಡದ ಸುತ್ತ ಚಿಕ್ಕದಾಗಿ ಟ್ರಿಮ್ ಮಾಡ್ಸು, ಅದು ದಿನನಿತ್ಯಕ್ಕೆ ಒಳ್ಳೇದು, ಕಕ್ಕ ಅಂಟ್ಕೊಳಲ್ಲ.

ಹೆಬ್ಬಾಳ_ವೆಟ್_ಸ್ಟೂಡೆಂಟ್
ಸೆಕೆಗೆ ಮುಖ್ಯ ಕಾರಣ ಕೂದ್ಲಲ್ಲ ಸರ್, ಮೂಗು. ಪಂಚ್ ಫೇಸ್ ಅಂತ ಜಾಸ್ತಿ ದುಡ್ಡು ಕೇಳ್ತಾರಲ್ಲ, ಆ ಚಪ್ಪಟೆ ಮುಖದಲ್ಲಿ ಮೂಗಿನ ಹೊಳ್ಳೆ ಕಿರಿದು, ಉಸಿರಾಟದ ದಾರಿ ಇಕ್ಕಟ್ಟು, ಕಣ್ಣೀರು ಇಳಿಯೋ ನಾಳ ಸೊಟ್ಟ. ಅದಕ್ಕೇ ಯಾವಾಗ್ಲೂ ಕಣ್ಣಲ್ಲಿ ನೀರು, ಗೀಜು, ಕೆನ್ನೆ ಮೇಲೆ ಕಂದು ಕಲೆ. ದಿನಾ ಉಗುರುಬೆಚ್ಚಗಿನ ನೀರಲ್ಲಿ ಹತ್ತಿ ಅದ್ದಿ ಒರೆಸ್ಬೇಕು, ಒಂದು ಕಣ್ಣಿಗೆ ಒಂದು ಹತ್ತಿ. 2024ರ ಏಪ್ರಿಲ್‌ನಲ್ಲಿ ಬೆಂಗ್ಳೂರಲ್ಲಿ 38 ಡಿಗ್ರಿ ದಾಟಿತ್ತಲ್ಲ, ಅಂಥ ದಿನಗಳಲ್ಲಿ ಬೆಕ್ಕು ಬಾಯಿ ತೆಗೆದು ಉಸಿರಾಡ್ತಿದ್ರೆ ಒಂದು ನಿಮಿಷ ಕಾಯ್ದೇ ಆಸ್ಪತ್ರೆಗೆ ಹೊರಡಿ. ನಾಯಿ ತೇಕೋದು ಸಹಜ, ಬೆಕ್ಕು ತೇಕೋದು ಸಹಜ ಅಲ್ಲ. ಮೇಡಂ, ಡಾಲ್ ಫೇಸ್ ಮರಿ ನೋಡಿ, ಮೂಗು ಸ್ವಲ್ಪನಾದ್ರೂ ಮುಂದೆ ಇರೋದು. ಬೆಲೆನೂ ಕಮ್ಮಿ, ಮರಿಗೂ ಸುಖ.

ಇನ್ನೊಂದು ಮುಖ್ಯವಾದ್ದು ಪಿಕೆಡಿ. ಕಿಡ್ನೀಲಿ ನೀರಿನ ಗುಳ್ಳೆ ಬೆಳೆಯೋ ವಂಶಪಾರಂಪರ್ಯ ಕಾಯಿಲೆ, ಪರ್ಷಿಯನ್‌ಗಳಲ್ಲಿ ತುಂಬಾ ಇದೆ. ಅಪ್ಪ ಅಮ್ಮ ಇಬ್ಬರಲ್ಲಿ ಒಬ್ಬರಿಗೆ ಇದ್ರೂ ಪ್ರತಿ ಮರಿಗೂ ಬರೋ ಸಾಧ್ಯತೆ ಅರ್ಧಕ್ಕರ್ಧ. ಮರಿ ನೋಡೋಕೆ ಎಷ್ಟೇ ಚೆನ್ನಾಗಿದ್ರೂ ಏಳೆಂಟು ವರ್ಷಕ್ಕೆ ಕಿಡ್ನಿ ಕೈಕೊಡಬಹುದು. ಕೆನ್ನೆ ಒಳಗಿಂದ ಹತ್ತಿಕಡ್ಡೀಲಿ ಸ್ಯಾಂಪಲ್ ತೆಗೆದು ಡಿಎನ್ಎ ಟೆಸ್ಟ್ ಮಾಡ್ಸಬಹುದು. ಅಪ್ಪ ಅಮ್ಮನ ರಿಪೋರ್ಟ್ ಕೇಳಿ.

ಮನೆ ಒರೆಸೋಕೆ ಫಿನಾಯಿಲ್ ಬಳಸ್ತಿದ್ರೆ ನಿಲ್ಸಿ. ಪಾದಕ್ಕೆ ಅಂಟಿದ್ದನ್ನ ಬೆಕ್ಕು ನೆಕ್ಕುತ್ತೆ, ಅಂಥ ರಾಸಾಯನಿಕ ಕರಗ್ಸೋ ಶಕ್ತಿ ಬೆಕ್ಕಿನ ಲಿವರ್‌ಗೆ ಬಹಳ ಕಮ್ಮಿ. ಅದೇ ಕಾರಣಕ್ಕೆ ಪ್ಯಾರಾಸಿಟಮಾಲ್ ಒಂದೇ ಮಾತ್ರೆ ಸಾಕು ಬೆಕ್ಕಿನ ಜೀವ ಹೋಗೋಕೆ. ಜ್ವರ ಅಂತ ಅರ್ಧ ಮಾತ್ರೆ ಕೊಟ್ವಿ ಅಂತ ತರೋರು ಇದಾರೆ, ದಯವಿಟ್ಟು ಮಾಡ್ಬೇಡಿ. ಈರುಳ್ಳಿ ಬೆಳ್ಳುಳ್ಳಿ ಬೇಡ. ಹೂದಾನಿಗೆ ಲಿಲ್ಲಿ ಹೂ ಬೇಡವೇ ಬೇಡ.

ಬಸವನಗುಡಿ_ಬುಲ್‌ಟೆಂಪಲ್_ರೋಡ್
ಯಾರೂ ಹೇಳ್ದೇ ಇರೋದನ್ನ ಹೇಳ್ತೀನಿ. ದುಡ್ಡು ಕೊಟ್ಟು ಮರಿನೇ ಯಾಕೆ? ನಮ್ಮನೇಲಿರೋ ಪರ್ಷಿಯನ್ ಯಾರೋ ಪಾರ್ಕ್ ಹತ್ರ ಬಿಟ್ಟುಹೋಗಿದ್ದು. ಮೈಯೆಲ್ಲ ಗಂಟು, ಹಿಂಗಾಲು ಅಗಲಿಸೋಕೇ ಆಗ್ತಿರ್ಲಿಲ್ಲ ಅಷ್ಟು ಬಿಗಿದಿತ್ತು. ಡಾಕ್ಟರ್ ಅರಿವಳಿಕೆ ಕೊಟ್ಟು ಬೋಳಿಸಿದ್ಮೇಲೆ ಎದ್ದು ನಾಲ್ಕು ಹೆಜ್ಜೆ ಸಲೀಸಾಗಿ ನಡೀತು. ಬಾಚೋಕಾಗಲ್ಲ ಅಂತ ಬಿಡೋರು ತುಂಬಾ ಜನ. ಕ್ಯೂಪಾ ಥರದ ಪ್ರಾಣಿ ರಕ್ಷಣೆ ಸಂಸ್ಥೆಗಳಲ್ಲಿ ಒಂದ್ಸಲ ವಿಚಾರ್ಸಿ. ನಾಡು ಬೆಕ್ಕಿನ ಮರಿ ಸಾಕಿದ್ರೂ ಏನೂ ಕಮ್ಮಿ ಇಲ್ಲ, ಬಾಚೋ ಕೆಲ್ಸನೂ ಇರಲ್ಲ.

ಮೂರನೇ ಮಹಡಿ ಅಂದ್ರಿ, ಬಾಲ್ಕನಿಗೂ ಕಿಟಕಿಗೂ ನೆಟ್ ಹಾಕ್ಸಿದ ಮೇಲೇ ಬೆಕ್ಕು ಬರ್ಲಿ. ಪಾರಿವಾಳ ಕಂಡ್ರೆ ಅದಕ್ಕೆ ಎತ್ತರ ನೆನಪಿರಲ್ಲ.

ವಿಜಯನಗರ_ಅಮ್ಮ
ಸರ್, ನಿಮ್ಮ ಮಾತು ಓದಿ ಎರಡು ದಿನ ಯೋಚ್ನೆ ಮಾಡಿದ್ವಿ. ಎರಡು ಕಡೆ ವಿಚಾರ್ಸಿದ್ವಿ, ಆಗ ಇದ್ದಿದ್ದೆಲ್ಲ ವಯಸ್ಸಾದ ಬೆಕ್ಕುಗಳು, ಜೋಡಿಯಾಗೇ ಕೊಡ್ತೀವಿ ಅಂದ್ರು, ನಮ್ಮ ಮನೆಗೆ ಎರಡು ಆಗಲ್ಲ ಅನ್ನಿಸ್ತು. ಆಮೇಲೆ ನಮ್ಮ ಬೆಕ್ಕಿನ ಡಾಕ್ಟರ್ ಆಗ್ಬೇಕಾದವ್ರನ್ನೇ ಮೊದ್ಲು ಹೋಗಿ ಕಂಡ್ವಿ, ಅವ್ರ ಮೂಲಕ ರಾಜಾಜಿನಗರದ ಒಂದು ಮನೆ ಗೊತ್ತಾಯ್ತು.

ಹೋದಾಗ ಬಾಗಿಲಲ್ಲೇ ಚಪ್ಪಲಿ ಬಿಡ್ಸಿ ಕೈ ತೊಳ್ಕೊಳ್ಳಿ ಅಂದ್ರು, ಅಲ್ಲೇ ಧೈರ್ಯ ಬಂತು. ತಾಯಿ ಹಾಲ್‌ನಲ್ಲೇ ಮಲಗಿತ್ತು, ಕೆನೆ ಬಣ್ಣ, ಮೂಗು ಮುಂದಿರೋದು. ನಾಲ್ಕು ಮರಿ, ಒಂಬತ್ತು ವಾರ. ತಕ್ಕಡಿ ತೆಗೆದಾಗ ನನಗೆ ಸಂಕೋಚ ಆಯ್ತು, ಆದ್ರೆ ಅವ್ರೇ ವಾರವಾರ ತೂಕ ಬರೆದಿಟ್ಟ ನೋಟ್‌ಬುಕ್ ತೋರ್ಸಿದ್ರು. ನಾವು ಆರಿಸಿದ್ದು 910 ಗ್ರಾಮ್. ಪಿಕೆಡಿ ರಿಪೋರ್ಟ್ ತಾಯಿದು ಇತ್ತು, ತಂದೆದು ಇನ್ನೊಬ್ಬರ ಹತ್ರ ಅಂದ್ರು, ತರಿಸಿ ಕೊಟ್ಟ ಮೇಲೇ ಮಿಕ್ಕಿದ ದುಡ್ಡು ಅಂದ್ವಿ, ಒಪ್ಪಿದ್ರು. 12 ವಾರ ಆಗೋ ತನಕ ಕೊಡಲ್ಲ ಅಂತ ಅವ್ರೇ ಹೇಳಿದ್ರು. ಹುಟ್ಟಿದಹಬ್ಬ ಕಳೆದುಹೋಗುತ್ತೆ ಅಂತ ಮಗಳು ಸಪ್ಪಗಾದ್ಳು. ಹುಟ್ಟಿದಹಬ್ಬದ ದಿನ ಬಾಚಣಿಗೆ ಕೊಟ್ವಿ.

ವಿಜಯನಗರ_ಅಮ್ಮ
ಐದು ವಾರ ಆಯ್ತು, ಹೇಳ್ಲೇಬೇಕು ಅನ್ನಿಸ್ತು. ಮರಿಗೆ ಬೆಣ್ಣೆ ಅಂತ ಹೆಸರಿಟ್ಟಿದೀವಿ, ಅದು ಮನೆಗೆ ಬಂದು ಎರಡು ವಾರ, ತಂದೆಯ ರಿಪೋರ್ಟೂ ಬಂತು, ಇಬ್ಬರದ್ದೂ ನೆಗೆಟಿವ್. ಮೊದಲ ದಿನ ಬೀರು ಹಿಂದೆ ಹೋಗಿ ಏಳು ಗಂಟೆ ಈಚೆ ಬರ್ಲಿಲ್ಲ. ಆ ಮನೆಯವ್ರು ತಾಯಿ ಮಲಗ್ತಿದ್ದ ಟವಲ್ ಕೊಟ್ಟಿದ್ರು, ಅದನ್ನ ಬೀರು ಪಕ್ಕ ಇಟ್ಟಿದ್ದಕ್ಕೆ ರಾತ್ರಿ ಹತ್ತಕ್ಕೆ ಬಂದು ಅದರ ಮೇಲೇ ಮಲಗ್ತು. ಲಿಟರ್‌ಗೆ ಮಣ್ಣಿನಂಥದ್ದು ಹಾಕಿದ್ರೆ ಕಾಲಿನ ಕೂದ್ಲಿಗೆ ಉಂಡೆ ಉಂಡೆ ಅಂಟ್ಕೊಳ್ತಿತ್ತು, ಈಗ ಮರದ ಪೆಲೆಟ್ ಹಾಕ್ತಿದೀವಿ, ಪರವಾಗಿಲ್ಲ. ಇವತ್ತಿನ ತೂಕ 1,480. ಸ್ಕೂಲಿಗೆ ಹೊರಡೋ ಮುಂಚೆ ಮಗಳು ಹತ್ತು ನಿಮಿಷ ಬಾಚ್ತಾಳೆ, ಮೊದ್ಲು ಕಂಕುಳು, ಆಮೇಲೆ ಕಿವಿ ಹಿಂದೆ. ಅತ್ತೆ ಯುಟಿಲಿಟಿ ಶೆಲ್ಫಿಗೆ ಒಂದು ಪರದೆ ಹೊಲಿದು ಹಾಕಿದಾರೆ, ಪೌಚು ಮಾತ್ರ ನಾನೇ ತೆಗೀತೀನಿ, ಬೆಣ್ಣೆ ತಿನ್ನುವಾಗ ಅವ್ರು ಬಾಗಿಲಲ್ಲಿ ನಿಂತು ನೋಡ್ತಾರೆ.

ಮರಿ ಆಗದ ಹಾಗೆ ಮಾಡೋ ಆಪರೇಷನ್ ಯಾವಾಗ ಮಾಡ್ಸೋದು? ಹೆಣ್ಣು ಮರಿ.

ಹೆಬ್ಬಾಳ_ವೆಟ್_ಸ್ಟೂಡೆಂಟ್
ತುಂಬಾ ಸಂತೋಷ ಮೇಡಂ. ಐದು ತಿಂಗಳ ಹೊತ್ತಿಗೆ ಮಾಡ್ಸಿ, ಮೊದಲ ಸಲ ಹೀಟ್‌ಗೆ (ಬೆದೆಗೆ) ಬರೋದಕ್ಕೆ ಮುಂಚೆ. 16 ವಾರದ ಲಸಿಕೆ ಮುಗಿದಿರ್ಲಿ. ಹತ್ರ ಹತ್ರ ಆರು ತಿಂಗಳಿಗೆ ಮರಿ ಕೂದ್ಲು ಹೋಗಿ ದೊಡ್ಡ ಕೂದ್ಲು ಬರೋಕೆ ಶುರುವಾಗುತ್ತೆ, ಆಗ ಈಗಿಂದ ಎರಡರಷ್ಟು ಸಿಕ್ಕು, ಮಗಳಿಗೆ ಮೊದ್ಲೇ ಹೇಳಿಟ್ಟಿರಿ.

ಮಲ್ಲೇಶ್ವರಂ_8ನೇ_ಕ್ರಾಸ್
ಸಾಯಂಕಾಲನೂ ಒಂದ್ಸಲ ಬಾಚೋಕೆ ಹೇಳಮ್ಮ ಆಗ. ಸಣ್ಣ ಹಲ್ಲಿನ ಬಾಚಣಿಗೆ ನನ್ನ ಹತ್ರ ಹೊಸದೊಂದು ಹಾಗೇ ಇದೆ, ಈ ಕಡೆ ಬಂದಾಗ ತಗೊಂಡ್ಹೋಗಿ.